ಕಾವಲು ಕಾಯುವುದೂ ಕೆಲಸವೇ ಅಲ್ವಾ?

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ ಹಾಸನದ ನಿವೃತ್ತ ಮೇಷ್ಟ್ರೊಬ್ಬರ ಪತ್ರ ಓದಿದೆ. ಸಾಫ್ಟ್‌ವೇರ್‌ನವರು ಮನೆಯಲ್ಲೇ ಕಾಲ ಮೇಲೆ ಕಾಲು ಹಾಕಿಕೊಂಡು ಕೂತು ಲಕ್ಷಗಟ್ಟಲೆ ಎಣಿಸುತ್ತಾರೆ, ಅವರಿಗೇಕೆ ಕೆಲಸದ ಗಂಟೆಯ ಗೋಳು ಎಂದು ಕೇಳಿದ್ದಾರೆ. ಮೇಷ್ಟ್ರ ಮೇಲೆ ನನಗೆ ಸಿಟ್ಟೇನಿಲ್ಲ. ನಮ್ಮಪ್ಪನೂ ಇದನ್ನೇ ಕೇಳುತ್ತಿದ್ದರು, ಹೋದ ನವೆಂಬರ್‌ವರೆಗೆ.

ನಾನು ಸಕಲೇಶಪುರ ತಾಲ್ಲೂಕು ಬಾಳ್ಳುಪೇಟೆ ಕಡೆಯ ಹಳ್ಳಿಯವನು. ಹಾಸನದಲ್ಲಿ ಇಂಜಿನಿಯರಿಂಗ್ ಓದಿದೆ, ಬೆಂಗಳೂರಿನಲ್ಲಿ ಏಳು ವರ್ಷ ದುಡಿದೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಒಂದು ಬ್ಯಾಗು, ಒಂದು ಲ್ಯಾಪ್‌ಟಾಪು ಹಿಡಿದುಕೊಂಡು ಊರಿಗೆ ಬಂದವನು ಮತ್ತೆ ಪೂರ್ತಿಯಾಗಿ ವಾಪಸ್ ಹೋಗಲೇ ಇಲ್ಲ. ತಿಂಗಳಿಗೆ ಮೂರು ದಿನ ರೈಲು ಹತ್ತಿ ಹೋಗಿ ಆಫೀಸಿನಲ್ಲಿ ಮುಖ ತೋರಿಸಿ ಬರುತ್ತೇನೆ. ಉಳಿದಂತೆ ಮನೆಯ ಹಿಂದಿನ ಕೋಣೆಯೇ ಆಫೀಸು. ಮೊದಲು ಅಲ್ಲಿ ಕಾಳುಮೆಣಸಿನ ಮೂಟೆ ಇಡುತ್ತಿದ್ದೆವು. ಈಗಲೂ ಮೀಟಿಂಗ್ ನಡುವೆ ಸೀನು ಬರುತ್ತದೆ.

ಸಂಬಳ ಚೆನ್ನಾಗಿದೆ, ಅದನ್ನು ಮುಚ್ಚಿಡುವುದು ಬೇಡ. ನಮ್ಮದು ಆರು ಎಕರೆ ರೊಬಸ್ಟಾ ಕಾಫಿ, ಒಂದೂವರೆ ಎಕರೆ ಗದ್ದೆ. ಕಾಫಿಗೆ ರೇಟಿಲ್ಲದ ವರ್ಷಗಳಲ್ಲಿ ತೋಟ ಉಳಿದದ್ದು ನನ್ನ ಸಂಬಳದಿಂದ. ಇಡೀ ದಿನ ಬಗ್ಗಿ ಹಣ್ಣು ಕುಯ್ಯುವವರ ಬೆನ್ನು ನೋವಿನ ಮುಂದೆ ನನ್ನ ಕತ್ತು ನೋವನ್ನು ನೋವು ಅನ್ನಲೂ ನಾಚಿಕೆಯಾಗುತ್ತದೆ. ಆದರೆ ಅವರು ಬೆಳಿಗ್ಗೆ ಎಂಟಕ್ಕೆ ಬಂದರೆ ಸಂಜೆ ನಾಲ್ಕೂವರೆಗೆ ಬುಟ್ಟಿ ತೂಕ ಮಾಡಿಸಿ ಹೊರಡುತ್ತಾರೆ. ಆಮೇಲೆ ನಮ್ಮಪ್ಪ ಅವರಿಗೆ ಫೋನ್ ಮಾಡಿ, ‘ಇವತ್ತು ರಾತ್ರಿ ಹದಿನೈದು ನಿಮಿಷದಲ್ಲಿ ತೋಟಕ್ಕೆ ಬರೋ ಹಾಗೆ ಇರು’ ಅಂದರೆ ಮಾರನೇ ದಿನದಿಂದ ಒಬ್ಬರೂ ಕೆಲಸಕ್ಕೆ ಬರುವುದಿಲ್ಲ. ನನಗೆ ಹಾಗಂತ ಹೇಳುತ್ತಾರೆ. ಐದು ವಾರಕ್ಕೊಮ್ಮೆ, ಪೂರ್ತಿ ಒಂದು ವಾರ.

ನಮ್ಮ ಕಡೆ ಇದಕ್ಕೆ ಆನ್‌ಕಾಲ್ ಅನ್ನುತ್ತಾರೆ. ನಮ್ಮ ತಂಡ ನೋಡಿಕೊಳ್ಳುವುದು ಅಮೆರಿಕದ ಔಷಧಿ ಅಂಗಡಿಗಳ ಬಿಲ್ಲಿಂಗ್. ಎಲ್ಲಾದರೂ ಏನಾದರೂ ಕೆಟ್ಟರೆ ಆ ವಾರದ ಪಾಳಿಯವನ ಫೋನು ಕೂಗುತ್ತದೆ. ಐದು ನಿಮಿಷದಲ್ಲಿ ‘ನೋಡಿದೆ’ ಎಂದು ಒತ್ತಬೇಕು. ಹದಿನೈದು ನಿಮಿಷದಲ್ಲಿ ಲ್ಯಾಪ್‌ಟಾಪ್ ಮುಂದೆ ಇರಬೇಕು. ಇದನ್ನು ಬಿಟ್ಟರೆ ಆ ವಾರ ನೀವು ಸ್ವತಂತ್ರರು, ಏನು ಬೇಕಾದರೂ ಮಾಡಬಹುದು ಅನ್ನುತ್ತಾರೆ ನಮ್ಮ ಮ್ಯಾನೇಜರು. ಏನು ಮಾಡುವುದು? ಸಕಲೇಶಪುರದ ಸಂತೆಗೆ ಹೋದರೆ ಲ್ಯಾಪ್‌ಟಾಪ್ ಬ್ಯಾಗು ಹೆಗಲಲ್ಲಿ. ಮದುವೆ ಮನೆಯಲ್ಲಿ ಪಂಕ್ತಿಗೆ ಕೂತರೆ ಬಾಳೆಲೆ ಪಕ್ಕದಲ್ಲಿ ಫೋನು. ಶಿರಾಡಿ ಘಾಟಿ ಇಳಿಯುವ ಹಾಗಿಲ್ಲ, ನಡುವೆ ರೇಂಜ್ ಇಲ್ಲ. ಸ್ನಾನದ ಮನೆಗೂ ಫೋನು ಒಯ್ಯುತ್ತೇನೆ, ಸೋಪಿನ ಪೆಟ್ಟಿಗೆ ಮೇಲೆ ಇಡುತ್ತೇನೆ. ಹೆಂಡತಿ ಮೊದಲು ನಗುತ್ತಿದ್ದಳು, ಈಗ ನಗುವುದಿಲ್ಲ.

ನವೆಂಬರ್ ವಿಷಯಕ್ಕೆ ಬರುತ್ತೇನೆ.

ನನ್ನ ಫೋನಿಗೆ ಎರಡು ಥರದ ಎಚ್ಚರಿಕೆ ಬರುತ್ತವೆ. ಒಂದು ಆಫೀಸಿನದು, ಇನ್ನೊಂದು ಆನೆಯದು. ನಮ್ಮ ಸಕಲೇಶಪುರ, ಆಲೂರು, ಬೇಲೂರು ಕಡೆ ಆನೆ ಎಂದರೆ ಏನೆಂದು ಜಿಲ್ಲೆಯ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯವರು ಗುಂಪುಗಳ ಹಿಂದೆ ತಿರುಗಿ, ಇವತ್ತು ಇಂಥ ಎಸ್ಟೇಟಿನಲ್ಲಿವೆ, ಇಂಥ ರಸ್ತೆಯಲ್ಲಿ ಓಡಾಡಬೇಡಿ ಎಂದು ವಾಟ್ಸ್‌ಆ್ಯಪ್‌ಗೆ ಹಾಕುತ್ತಾರೆ. ಕೆಲವು ಆನೆಗೆ ರೇಡಿಯೊ ಕಾಲರ್ ಇದೆ. ಭೀಮ, ಬೀಟಮ್ಮ ಅಂತ ಹೆಸರೂ ಇವೆ. ತಂತ್ರಜ್ಞಾನ ಅಂದರೆ ನನಗೆ ಇಷ್ಟವಾಗುವುದು ಇಂಥದ್ದು. ಯಾರೋ ನಾಲ್ಕು ಜನ ಜೀಪಿನಲ್ಲಿ ಎಚ್ಚರ ಇರುತ್ತಾರೆ, ಉಳಿದ ನಾಲ್ಕು ಹಳ್ಳಿಯವರು ಮಲಗುತ್ತಾರೆ.

ಆ ರಾತ್ರಿ ಎಂಟು ಗಂಟೆಗೆ, ನಮ್ಮ ಪಕ್ಕದ ಎಸ್ಟೇಟಿನಲ್ಲಿ ಆನೆ ಗುಂಪು ಇದೆ ಎಂದು ಮೆಸೇಜ್ ಬಂತು. ಗದ್ದೆಯಲ್ಲಿ ಭತ್ತ ಬಲಿತಿತ್ತು, ಬಂದೇ ಬರುತ್ತವೆ ಅಂತ ಅಪ್ಪನಿಗೆ ಗೊತ್ತಿತ್ತು. ಹತ್ತೂವರೆ ಸುಮಾರಿಗೆ ತೋಟದ ಕೆಳಗಡೆ ಬೈನೆ ಮರ ಮುರಿದ ಸದ್ದು ಕೇಳಿತು. ಬೈನೆ ಅಂದರೆ ಆನೆಗೆ ಪ್ರಾಣ. ಅದು ಬಿದ್ದದ್ದು ಸರಿಯಾಗಿ ಲೈನಿನ ಮೇಲೆ. ಕರೆಂಟ್ ಹೋಯಿತು. ಅದೇ ಕಂಬದ ಮೇಲಿದ್ದ ನನ್ನ ಇಂಟರ್‌ನೆಟ್ ಕೇಬಲ್ಲೂ ಹೋಯಿತು. ನಮ್ಮ ಮನೆಯೊಳಗೆ ಫೋನಿಗೆ ಒಂದು ಕಡ್ಡಿ ಸಿಗ್ನಲ್ ಇರುತ್ತದೆ, ಮಾತಾಡಲು ಸಾಕು. ಇಂಟರ್‌ನೆಟ್ ಸಿಗಬೇಕಾದರೆ ಕಾಫಿ ಕಣದ ಆ ತುದಿಗೆ, ನೀರಿನ ಟ್ಯಾಂಕ್ ಹತ್ತಿರ ಹೋಗಬೇಕು. ಮನೆಯಿಂದ ಸುಮಾರು ನೂರೈವತ್ತು ಹೆಜ್ಜೆ.

ಬೆಳಗಿನ ಜಾವ 5:31ಕ್ಕೆ ಫೋನು ಹೊಡೆದುಕೊಂಡಿತು. ನೆಟ್ ಇಲ್ಲದಿದ್ದರೆ ನಮ್ಮ ವ್ಯವಸ್ಥೆ ಸುಮ್ಮನಾಗುವುದಿಲ್ಲ, ಕರೆಯನ್ನೇ ಮಾಡುತ್ತದೆ. ಆ ಕಡೆಯಿಂದ ಮೆಷಿನ್ ಹೆಂಗಸು ಇಂಗ್ಲಿಷಿನಲ್ಲಿ, ಬಿಲ್ಲಿಂಗ್ ಬಿದ್ದಿದೆ, ಒಪ್ಪಿಕೊಳ್ಳಲು ಇಂಥ ನಂಬರ್ ಒತ್ತಿ ಅಂತು. ಒತ್ತಿದೆ. ಲ್ಯಾಪ್‌ಟಾಪ್ ಎತ್ತಿಕೊಂಡು ಜಗಲಿಗೆ ಬಂದರೆ ಹೊರಗೆ ಮಂಜು. ಟಾರ್ಚ್ ಬಿಟ್ಟರೆ ಹತ್ತು ಅಡಿ ಆಚೆ ಬರೀ ಬಿಳಿ ಗೋಡೆ. ಗದ್ದೆಗೆ ಇಳಿದ ಆನೆಗಳು ತೋಟಕ್ಕೆ ವಾಪಸ್ ಹತ್ತುವುದೇ ಆ ಹೊತ್ತಿನಲ್ಲಿ.

ಅಪ್ಪ ಎದ್ದು ಬಂದರು. ‘ಎಲ್ಲಿಗ್ಲಾ?’

ಹೇಳಿದೆ.

‘ಯಾರದೋ ಅಂಗಡೀಲಿ ಬಿಲ್ ಆಗ್ಲಿಲ್ಲ ಅಂತ ಈ ಮಂಜಲ್ಲಿ ಹೋಗ್ತೀಯೇನ್ಲಾ? ಒಂದರ್ಧ ಗಂಟೆ ತಡ್ಕೊ, ಬೆಳಕು ಹರೀಲಿ.’

‘ಹದಿನೈದು ನಿಮಿಷದೊಳಗೆ ಕೂರಬೇಕಪ್ಪಾ. ಔಷಧಿ ಅಂಗಡಿ. ಅಲ್ಲೀಗ ಸಂಜೆ ಏಳು ಗಂಟೆ, ಜನ ಸಾಲಲ್ಲಿ ನಿಂತಿರ್ತಾರೆ.’

ಅವರು ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ ಒಳಗೆ ಹೋಗಿ ಎರಡು ಪಟಾಕಿ, ಒಂದು ಎಣ್ಣೆ ಡಬ್ಬ, ಒಂದು ಕೋಲು ತಂದರು. ಎಪ್ಪತ್ತು ದಾಟಿದ ಮನುಷ್ಯ ಮುಂದೆ ಡಬ್ಬ ಬಡಿಯುತ್ತಾ ನಡೆದರು, ಹಿಂದೆ ನಾನು ಲ್ಯಾಪ್‌ಟಾಪ್ ಎದೆಗವಚಿಕೊಂಡು. ಕಣದ ನಡುವೆ ಬಂದಾಗ ಕೆಳಗಡೆ ತೋಟದಲ್ಲಿ ಗಿಡ ಸರಿದ ಸದ್ದು. ಹತ್ತಿರವೋ ದೂರವೋ, ಮಂಜಿನಲ್ಲಿ ಹೇಳಲಾಗುವುದಿಲ್ಲ. ಅಪ್ಪ ಒಂದು ಪಟಾಕಿ ಹಚ್ಚಿದರು. ಇಬ್ಬರೂ ಟ್ಯಾಂಕಿನ ಕಬ್ಬಿಣದ ಏಣಿ ಹತ್ತಿ ಮೇಲೆ ಕೂತೆವು. ಸಿಮೆಂಟ್ ಟ್ಯಾಂಕು, ಹನ್ನೆರಡು ಅಡಿ ಎತ್ತರ. ಮುಚ್ಚಳವೆಲ್ಲ ಇಬ್ಬನಿ. ಅಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಫೋನಿನ ಹಾಟ್‌ಸ್ಪಾಟ್ ಹಾಕಿಕೊಂಡು ನಾನು ಕೆಲಸಕ್ಕೆ ಹಾಜರಾದಾಗ 5:58. ಸರಿ ಮಾಡಿ ಮುಗಿಸಿದಾಗ 6:40. ಅಷ್ಟೂ ಹೊತ್ತು ಅಪ್ಪ ನನ್ನ ಪಕ್ಕದಲ್ಲಿ ಕೂತು ತೋಟದ ಕಡೆ ನೋಡುತ್ತಿದ್ದರು. ಒಂದೇ ಒಂದು ಸಲ ಕೇಳಿದರು. ‘ಇದಕ್ಕೆ ಜಾಸ್ತಿ ದುಡ್ಡು ಕೊಡ್ತಾರಾ?’

ಕೊಡುವುದಿಲ್ಲ. ಒಂಬತ್ತೂವರೆಯ ದಿನದ ಮೀಟಿಂಗಿಗೆ ಎಂದಿನಂತೆ ಕೂತೆ. 5:32ಕ್ಕೆ ಒತ್ತಿದ್ದೀರಿ, 5:58ಕ್ಕೆ ಬಂದಿದ್ದೀರಿ, ನಡುವೆ ಏನಾಯಿತು ಎಂದು ಕೇಳಿದರು. ಆನೆ ಅಂದೆ. ಎಲ್ಲರೂ ನಕ್ಕರು. ಒಬ್ಬ ಚಾಟ್‌ನಲ್ಲಿ ಆನೆ ಮರಿಯ ಚಿತ್ರ ಹಾಕಿದ. ನಾನೂ ನಕ್ಕೆ, ಏನು ಮಾಡುವುದು. ಕೊನೆಗೆ ವರದಿಯಲ್ಲಿ ಬರೆದದ್ದು ‘ಸಂಪರ್ಕದ ಸಮಸ್ಯೆಯಿಂದ ವಿಳಂಬ’ ಎಂದು.

ಈಗ ಲೆಕ್ಕಕ್ಕೆ ಬರೋಣ, ಮೇಷ್ಟ್ರೇ. ಒಂದು ವಾರಕ್ಕೆ 168 ಗಂಟೆ. ಅಷ್ಟೂ ಗಂಟೆ ನಾನು ಆ ಫೋನಿನ ದಾರಕ್ಕೆ ಕಟ್ಟಿದ ಕರು. ಟೈಮ್‌ಶೀಟ್‌ನಲ್ಲಿ ಕಾಣಿಸಿದ್ದು ದಿನದ ಕೆಲಸದ 45 ಗಂಟೆ, ಅದರ ಮೇಲೆ ಟ್ಯಾಂಕಿನ 42 ನಿಮಿಷಕ್ಕೆ ಒಂದು ಗಂಟೆ. ಉಳಿದ 122 ಗಂಟೆ ಯಾವ ಪುಸ್ತಕದಲ್ಲೂ ಇಲ್ಲ. ಇನ್ಫೋಸಿಸ್‌ನ ನಾರಾಯಣಮೂರ್ತಿಯವರು 2023ರಲ್ಲಿ ವಾರಕ್ಕೆ 70 ಗಂಟೆ ದುಡಿಯಬೇಕು ಅಂದರು. 2025ರ ಶುರುವಿನಲ್ಲಿ ಎಲ್ ಅಂಡ್ ಟಿಯ ಸುಬ್ರಹ್ಮಣ್ಯನ್ ಅವರು 90 ಅಂದರು. ಟಿವಿಯವರು ತಿಂಗಳುಗಟ್ಟಲೆ ಜಗಳ ಹಚ್ಚಿದರು. ನಾನು ಆ ಜಗಳ ನೋಡುತ್ತಾ, ನಮ್ಮ 122 ಗಂಟೆ ಇವರ ಯಾವ ಲೆಕ್ಕಕ್ಕೆ ಸೇರುತ್ತದೆ ಅಂದುಕೊಳ್ಳುತ್ತಿದ್ದೆ.

ಕಾಯ್ದೆ ಇಲ್ಲವೇ ಅಂದರೆ ಇದೆ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದ್ದು. ದಿನಕ್ಕೆ 9 ಗಂಟೆ, ವಾರಕ್ಕೆ 48 ಎಂದಿದೆ. 2024ರ ಜುಲೈನಲ್ಲಿ ಐಟಿಯವರಿಗೆ ದಿನಕ್ಕೆ 12 ಗಂಟೆಗಿಂತ ಜಾಸ್ತಿ ಬಿಡುವ ಪ್ರಸ್ತಾಪ ಬಂದು ಗಲಾಟೆಯಾಯಿತು. 2025ರ ಜೂನ್‌ನಲ್ಲಿ ಮತ್ತೊಂದು ಪ್ರಸ್ತಾಪ. ದಿನದ 9 ಗಂಟೆ 10 ಆಗಬೇಕು, ಓವರ್‌ಟೈಮ್ ಸೇರಿ 12ರವರೆಗೆ ಇರಬಹುದು, ಮೂರು ತಿಂಗಳ ಓವರ್‌ಟೈಮ್ ಮಿತಿ 50 ಗಂಟೆಯಿಂದ 144ಕ್ಕೆ ಏರಬೇಕು ಎಂದು. ನೌಕರರ ಸಂಘಗಳು ಎರಡಕ್ಕೂ ವಿರೋಧ ಮಾಡಿದವು. ಒಳ್ಳೆಯದೇ ಮಾಡಿದವು. ಆದರೆ ಎರಡೂ ಕಡೆಯವರ ಮಾತು ಕುರ್ಚಿಯಲ್ಲಿ ಕೂತ ಗಂಟೆಯದ್ದು. ಫೋನ್ ಕೂಗುತ್ತದೇನೋ ಎಂದು ಅರೆನಿದ್ದೆಯಲ್ಲಿ ಕಳೆಯುವ ರಾತ್ರಿಯ ಮಾತು ಯಾರೂ ಎತ್ತಲಿಲ್ಲ.

ಬೇರೆ ಕಡೆ ಎತ್ತಿದ್ದಾರೆ. ನಿದ್ದೆ ಬಾರದ ಪಾಳಿಯ ರಾತ್ರಿಗಳಲ್ಲಿ ಇಂಥದ್ದನ್ನೇ ಹುಡುಕಿ ಓದುವುದು ನನ್ನ ಚಟ. ಬೆಲ್ಜಿಯಂನ ನಿವೆಲ್ ಎಂಬ ಊರಿನಲ್ಲಿ ಒಬ್ಬ ಅಗ್ನಿಶಾಮಕ ಸ್ವಯಂಸೇವಕ ಇದ್ದ. ಪಾಳಿಯ ದಿನ ಮನೆಯಲ್ಲೇ ಇರಬಹುದು, ಆದರೆ ಕರೆ ಬಂದರೆ ಎಂಟು ನಿಮಿಷದಲ್ಲಿ ಠಾಣೆಯಲ್ಲಿರಬೇಕು. ಆತ ಕೋರ್ಟಿಗೆ ಹೋದ. ಯುರೋಪಿನ ನ್ಯಾಯಾಲಯ 2018ರಲ್ಲಿ, ಇಷ್ಟು ಬಿಗಿಯಾಗಿ ಕಟ್ಟಿಹಾಕಿದರೆ ಮನೆಯಲ್ಲಿ ಕಾಯುವುದೂ ಕೆಲಸದ ಸಮಯವೇ ಎಂದಿತು. ಹಾಗಂತ ಕಾಯುವುದೆಲ್ಲ ಕೆಲಸ ಅಂತಲೂ ಅದು ಹೇಳಿಲ್ಲ. 2021ರಲ್ಲಿ ಸ್ಲೊವೇನಿಯಾದ ಟಿವಿ ಪ್ರಸಾರ ಕೇಂದ್ರದ ತಂತ್ರಜ್ಞನ ಮೊಕದ್ದಮೆ ಬಂತು. ಬೆಟ್ಟದ ಮೇಲಿನ ಕೇಂದ್ರ, ಕರೆದರೆ ಒಂದು ಗಂಟೆಯೊಳಗೆ ಹಾಜರಾಗಬೇಕು. ಅಷ್ಟಕ್ಕೇ ಇಡೀ ಹೊತ್ತು ಕೆಲಸ ಎನ್ನಲಾಗದು, ಅವನ ಸ್ವಂತ ಸಮಯವನ್ನು ಅದು ಎಷ್ಟು ಕಟ್ಟಿಹಾಕುತ್ತದೆ ನೋಡಬೇಕು ಎಂದಿತು ಅದೇ ನ್ಯಾಯಾಲಯ. ನನಗೆ ಈ ಎರಡನೇ ತೀರ್ಪೂ ನ್ಯಾಯವಾಗಿಯೇ ಕಾಣುತ್ತದೆ. ಒಂದು ಗಂಟೆ ಕೊಟ್ಟರೆ ನಾನು ಸಂತೆಗೆ ಹೋಗಿ ಬಂದೇನು, ಘಾಟಿಯನ್ನೂ ಇಳಿದೇನು. ಹದಿನೈದು ನಿಮಿಷದಲ್ಲಿ ಕಣ ದಾಟುವುದೇ ಕಷ್ಟ, ನೋಡಿದಿರಲ್ಲ.

ಆವತ್ತು ಕೆಟ್ಟದ್ದಾದರೂ ಏನು ಅಂತ ಹೇಳಲೇ ಇಲ್ಲ. ಅದನ್ನು ಹೇಳದಿದ್ದರೆ ನನ್ನ ಸಿಟ್ಟು ಅರ್ಥವಾಗುವುದಿಲ್ಲ. ವೆಬ್‌ಸೈಟುಗಳಿಗೆ ಒಂದು ಸರ್ಟಿಫಿಕೇಟ್ ಇರುತ್ತದೆ. ನೀವು ಮಾತಾಡುತ್ತಿರುವುದು ಅಸಲಿ ಸರ್ವರ್ ಜೊತೆಗೇ ಎಂದು ಖಾತ್ರಿ ಮಾಡುವ ಕಾಗದ. ಗಾಡಿಯ ಇನ್ಶೂರೆನ್ಸ್ ಥರ ಅದಕ್ಕೂ ಕೊನೆಯ ದಿನ ಇದೆ. ದಾಟಿದರೆ ಎದುರಿನ ಕಂಪ್ಯೂಟರ್ ಮಾತೇ ಆಡುವುದಿಲ್ಲ. ನಮ್ಮದರ ಅವಧಿ ಗ್ರೀನ್‌ವಿಚ್ ಸಮಯದ ನಡುರಾತ್ರಿಗೆ ಮುಗಿಯಿತು. ಅಲ್ಲಿಯ ನಡುರಾತ್ರಿ ಎಂದರೆ ಬಾಳ್ಳುಪೇಟೆಯಲ್ಲಿ ಬೆಳಗಿನ ಜಾವ 5:30. ಅಷ್ಟೇ. ಯಾರೂ ದಾಳಿ ಮಾಡಿರಲಿಲ್ಲ, ಯಾವ ಮೆಷಿನ್ನೂ ಸುಟ್ಟಿರಲಿಲ್ಲ. ಒಂದು ತಾರೀಕು ದಾಟಿತ್ತು. ಆ ತಾರೀಕು ಒಂದು ವರ್ಷ ಮೊದಲೇ ಎಲ್ಲರಿಗೂ ಗೊತ್ತಿತ್ತು!

ಇದನ್ನು ಕಂಪ್ಯೂಟರೇ ತಾನಾಗಿ ನವೀಕರಣ ಮಾಡಿಕೊಳ್ಳುವಂತೆ ಮಾಡಬಹುದು. ಹೊಸ ವಿದ್ಯೆಯೇನಲ್ಲ, ಎಷ್ಟೋ ವರ್ಷದಿಂದ ಇದೆ. ಒಬ್ಬರು ಒಂದು ವಾರ ಕೂತರೆ ನಮ್ಮಲ್ಲೂ ಆಗುತ್ತದೆ. ನಾನು ಮೂರು ಸಲ ಕೇಳಿದ್ದೆ. ‘ಈ ಕ್ವಾರ್ಟರ್‌ನಲ್ಲಿ (ಅಂದರೆ ಈ ಮೂರು ತಿಂಗಳಲ್ಲಿ) ಆಗಲ್ಲ, ಮುಂದೆ ನೋಡೋಣ’ ಎಂದು ಮೂರು ಸಲವೂ ಅದೇ ಉತ್ತರ. ಯಾಕೆ ಅಂತ ಟ್ಯಾಂಕಿನ ಮೇಲೆ ಕೂತಾಗ ಹೊಳೆಯಿತು. ಆ ಒಂದು ವಾರದ ಕೆಲಸಕ್ಕೆ ಖರ್ಚಿದೆ, ಬಜೆಟ್‌ನಲ್ಲಿ ಒಂದು ಸಾಲು ಬೇಕು. ನನ್ನನ್ನು ಎಬ್ಬಿಸುವುದಕ್ಕೆ ಖರ್ಚೇ ಇಲ್ಲ. ಪುಕ್ಕಟೆ ಕಾವಲುಗಾರ ಇರುವಾಗ ಬೇಲಿ ಹಾಕಿಸುವವರು ಯಾರು? ಕಾಯುವ ಪ್ರತಿ ಗಂಟೆಗೂ ಸಂಬಳದ ಕಾಲು ಭಾಗ ಕೊಡಿ ಎಂದು ಒಂದು ನಿಯಮ ಬರಲಿ, ಮುಂದಿನ ಸೋಮವಾರವೇ ಆ ಬೇಲಿ ಏಳುತ್ತದೆ. ನಾನು ಬರೆದುಕೊಡುತ್ತೇನೆ.

ಇದು ಬರೀ ನನ್ನೊಬ್ಬನ ತಾಪತ್ರಯವಲ್ಲ, ಮುಂದೆ ಇನ್ನೂ ಜಾಸ್ತಿಯಾಗಲಿದೆ. 2020ರಿಂದ ಇಂಥ ಸರ್ಟಿಫಿಕೇಟಿನ ಆಯಸ್ಸು ಹೆಚ್ಚೆಂದರೆ 398 ದಿನ. 2026ರ ಮಾರ್ಚ್‌ನಿಂದ ಹೊಸದಾಗಿ ಕೊಡುವುದಕ್ಕೆ 200 ದಿನ. 2029ರ ಮಾರ್ಚ್‌ಗೆ 47 ದಿನಕ್ಕೆ ಇಳಿಯಬೇಕು ಎಂದು ಬ್ರೌಸರ್ ಕಂಪನಿಗಳೂ ಸರ್ಟಿಫಿಕೇಟ್ ಕೊಡುವವರೂ ಸೇರಿ ತೀರ್ಮಾನಿಸಿದ್ದಾರೆ. ಭದ್ರತೆಗೆ ಅದು ಒಳ್ಳೆಯದೇ. ಕೈಯಲ್ಲಿ ಮಾಡುವವರಿಗೆ ಮಾತ್ರ ವರ್ಷಕ್ಕೊಂದು ಇದ್ದ ತಿಥಿ ಎಂಟು ಸಲ ಬರುತ್ತದೆ.

ಮೊನ್ನೆಯಿಂದ ನಮಗೆ ಕೃತಕ ಬುದ್ಧಿಮತ್ತೆಯ ಸಹಾಯಕ ಬೇರೆ ಬಂದಿದೆ. ಸುಳ್ಳು ಹೇಳಬಾರದು, ನನಗೆ ಅದು ಇಷ್ಟ. ಎಚ್ಚರಿಕೆ ಬಂದ ಕೂಡಲೇ ಹಳೆಯ ವರದಿಗಳನ್ನೆಲ್ಲ ತಿರುವಿಹಾಕಿ, ಇಂಥ ಕಡೆ ನೋಡು ಎಂದು ನಾಲ್ಕು ಸಾಲಿನಲ್ಲಿ ಹೇಳುತ್ತದೆ. ಎಷ್ಟೋ ಸಲ ಸರಿಯಾಗಿಯೇ ಹೇಳುತ್ತದೆ. ಆದರೆ ಅದು ಬಂದ ಮೇಲೆ ಪಾಳಿಯಲ್ಲಿ ಏಳು ಜನ ಇದ್ದವರು ಐದಾದೆವು. ಏಳು ವಾರಕ್ಕೊಮ್ಮೆ ಬರುತ್ತಿದ್ದ ಸರದಿ ಐದು ವಾರಕ್ಕೇ ಬರುತ್ತಿದೆ. ಸಹಾಯಕನಿಗೆ ನಿದ್ದೆ ಬೇಡ, ಸರಿ. ಆದರೂ ರಾತ್ರಿ ಅದು ಎಬ್ಬಿಸುವುದು ನನ್ನನ್ನೇ. ಕೊನೆಯ ಗುಂಡಿ ಒತ್ತಲು, ತಪ್ಪಾದರೆ ಹೊಣೆ ಹೊರಲು ಒಬ್ಬ ಮನುಷ್ಯ ಬೇಕಲ್ಲ.

ಕಾವಲು ಕಾಯುವುದು ನಮ್ಮ ಕಡೆಯವರಿಗೆ ಹೊಸದಲ್ಲ. ಅಪ್ಪನ ಕಾಲದಲ್ಲಿ ಗದ್ದೆ ಕಾಯಲು ಅಟ್ಟಣಿಗೆ ಕಟ್ಟುತ್ತಿದ್ದರು. ಸರದಿ ಮೇಲೆ ಮನೆಗೊಬ್ಬರಂತೆ ಹೋಗಿ ಬೆಂಕಿ ಹಾಕಿ, ಡಬ್ಬ ಬಡಿದು, ರಾತ್ರಿ ಕಳೆಯುತ್ತಿದ್ದರು. ಕಾದವನು ಮಾರನೇ ದಿನ ಮಧ್ಯಾಹ್ನದವರೆಗೆ ಮಲಗಿದರೆ ಊರಿನಲ್ಲಿ ಯಾರೂ ಸೋಮಾರಿ ಅನ್ನುತ್ತಿರಲಿಲ್ಲ. ಆನೆ ಬರದಿದ್ದ ರಾತ್ರಿಯೂ ಕಾದ ರಾತ್ರಿಯೇ. ‘ಆನೆ ಬರಲಿಲ್ಲವಲ್ಲ, ನೀನು ಏನೂ ಕೆಲಸ ಮಾಡಲಿಲ್ಲ’ ಎಂದು ಯಾವ ಗೌಡನೂ ಹೇಳಿದ್ದಿಲ್ಲ.

ಅಷ್ಟು ಹಿಂದಕ್ಕೆ ಹೋಗುವುದೂ ಬೇಡ. ಹಾಸನದಲ್ಲೇ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ. 1982ರಿಂದ ಇದೆ. 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳನ್ನು ಹಗಲೂ ರಾತ್ರಿ ಅಲ್ಲಿಂದ ನೋಡಿಕೊಳ್ಳುತ್ತಾರೆ. ನಮ್ಮ ಬಿಲ್ಲಿಂಗ್‌ಗಿಂತ ದೊಡ್ಡ ಜವಾಬ್ದಾರಿ ಅಲ್ವಾ? ಅಲ್ಲಿ ಪಾಳಿ ಇದೆ. ರಾತ್ರಿ ಎಚ್ಚರ ಇರುವುದೇ ಪಾಳಿಯವರ ಕೆಲಸ. ಪರದೆಯಲ್ಲಿ ಏನೂ ಆಗದಿದ್ದರೂ ಅದು ಕೆಲಸವೇ.

ಹಾಗಾಗಿ ಕಾರ್ಮಿಕ ಇಲಾಖೆಯವರಲ್ಲಿ ನನ್ನ ಕೋರಿಕೆ ಇಷ್ಟೇ. ಕಾಯ್ದೆ ತಿದ್ದುವ ಮಾತು ಮತ್ತೆ ಬಂದಾಗ ‘ಕರೆದರೆ ಬರಲು ಸಿದ್ಧವಿರುವ ಸಮಯ’ ಎಂಬ ಒಂದು ಮಾತನ್ನು ಅದರೊಳಗೆ ಸೇರಿಸಿ. ಎಷ್ಟು ನಿಮಿಷದಲ್ಲಿ ಹಾಜರಾಗಬೇಕು ಎಂದು ಕಂಪನಿಗಳು ಲಿಖಿತವಾಗಿ ಹೇಳಲಿ. ಆ ನಿಮಿಷ ಕಡಿಮೆಯಾದಷ್ಟೂ ಕೊಡುವ ದುಡ್ಡು ಜಾಸ್ತಿಯಾಗಲಿ. ರಾತ್ರಿ ಎಬ್ಬಿಸಿದರೆ ಮಾರನೇ ದಿನದ ಕೆಲಸ ಅಷ್ಟು ತಡವಾಗಿ ಶುರುವಾಗಲಿ. ಹೀಗೆ ಮಾಡಿದರೆ ಕಂಪನಿಗಳು ಹೈದರಾಬಾದಿಗೆ ಹೋಗಿಬಿಡುತ್ತವೆ ಅನ್ನುವವರಿದ್ದಾರೆ. ಇದೇ ಹೆದರಿಕೆ ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ.

ಮೇಷ್ಟ್ರು ಬಾಳ್ಳುಪೇಟೆ ಕಡೆ ಬಂದರೆ ನಮ್ಮನೆಗೆ ಬರಲಿ. ಮನೆಯ ಕಾಫಿ ಕುಡಿದು ಹೋಗಲಿ. ಪಾಳಿಯ ವಾರ ಬಂದರೆ ಮಾತ್ರ ನಡುವೆ ಎದ್ದು ಓಡಿದರೆ ಬೇಸರ ಮಾಡಿಕೊಳ್ಳಬಾರದು. ಎರಡು ಎಚ್ಚರಿಕೆಗೂ ಬೇರೆ ಬೇರೆ ರಿಂಗ್‌ಟೋನ್ ಇಟ್ಟಿದ್ದೇನೆ. ಆನೆಯದಕ್ಕೆ ದೇವಸ್ಥಾನದ ಗಂಟೆ, ಆಫೀಸಿನದಕ್ಕೆ ಸೈರನ್. ಗಂಟೆ ಹೊಡೆದರೆ ನಮ್ಮ ನಾಯಿ ಕರಿಯ ಕಿವಿ ನಿಮಿರಿಸಿ ಗೇಟಿನ ಕಡೆ ಓಡುತ್ತದೆ. ಸೈರನ್ ಕೇಳಿದರೆ ಬಾಲ ಮುದುರಿಕೊಂಡು ಮಂಚದ ಕೆಳಗೆ ಸೇರುತ್ತದೆ.

ಇಂತಿ ನಿಮ್ಮ ಓದುಗ,
ಒಬ್ಬ ಸಾಫ್ಟ್‌ವೇರ್ ನೌಕರ,
ಬಾಳ್ಳುಪೇಟೆ, ಸಕಲೇಶಪುರ ತಾಲ್ಲೂಕು

(ಹೆಸರು ಹಾಕಬೇಡಿ ಸಾರ್. ನಮ್ಮ ಮ್ಯಾನೇಜರು ಹಾಸನದ ಕಡೆಯವರೇ, ನಿಮ್ಮ ಪತ್ರಿಕೆ ತರಿಸುತ್ತಾರೆ.)